ಆಟವೂ ಅದರ ಸುದ್ದಿಯೂ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಸ್ನೇಹಸಮ್ಮೇಳನಕ್ಕೆ ಬಂದ ಅತಿಥಿಗಳು ಅಭ್ಯಾಸ, ಶಿಸ್ತು, ಆರೋಗ್ಯ ಇವುಗಳನ್ನು ಕುರಿತು ನಾಲ್ಕು ಹಿತವಚನಗಳನ್ನು ಹೇಳಿ ಕುಳಿತುಕೊಳ್ಳುವುದು ವಾಡಿಕೆ. ನಿಮ್ಮ ಸಂಚಾಲಕರು ನನಗೆ ಆ ಸುಲಭವಾದ ದಾರಿಯನ್ನು ಬಿಟ್ಟುಕೊಡಲಿಲ್ಲ. ಈಗಿನ ಮಕ್ಕಳ ನಾಲಗೆಯ ಮೇಲೆ ಸದಾ ಇರುವ ಇ-ಸ್ಪೋರ್ಟ್ಸ್ ಎಂಬುದರ ವಿಷಯವಾಗಿ, ಪಾಲಕರಿಗೂ ಮಕ್ಕಳಿಗೂ ಒಟ್ಟಿಗೆ ತಿಳಿಯುವಂತೆ ಮಾತನಾಡಬೇಕೆಂದು ಅವರ ಅಪ್ಪಣೆಯಾಯಿತು. ಆಟದ ಮರ್ಮ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದುದರಿಂದ ನಾನು ಆಟವನ್ನು ಕುರಿತು ಹೇಳುವುದಕ್ಕಿಂತ ಹೆಚ್ಚಾಗಿ ಆಟದ ಸುದ್ದಿಯನ್ನು ಕುರಿತು ಹೇಳಬೇಕೆಂದಿದ್ದೇನೆ. ವೃತ್ತಪತ್ರಿಕೆಯೂ ಟೆಲಿವಿಷನ್ನೂ ಈ ಆಟಗಳನ್ನು ಹೇಗೆ ತೋರಿಸುತ್ತವೆಯೋ ಹಾಗೆಯೇ ಸಮಾಜವು ಅವನ್ನು ಕಾಣುತ್ತದೆ. ಒಂದೇ ಮನೆಯಲ್ಲಿ ತಂದೆಯು ಒಂದು ಸುದ್ದಿಯನ್ನು ಓದಿ ಮಗನ ಕೈಯಿಂದ ಮೊಬೈಲನ್ನು ಕಸಿದುಕೊಳ್ಳುತ್ತಾನೆ. ಮಗನು ಇನ್ನೊಂದು ಸುದ್ದಿಯನ್ನು ನೋಡಿ ಶಾಲೆ ಬಿಡುವ ಕನಸು ಕಾಣುತ್ತಾನೆ. ಇಬ್ಬರೂ ಸುದ್ದಿಯನ್ನೇ ನಂಬಿದವರು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದೇ ಇಂದಿನ ವಿಚಾರ.

ಮೊದಲು ಶಬ್ದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಕಂಪ್ಯೂಟರಿನ ಮೇಲೆ ಅಥವಾ ಮೊಬೈಲಿನ ಮೇಲೆ ಆಡುವ ಆಟಗಳಲ್ಲಿ ನಿಯಮಗಳನ್ನು ಗೊತ್ತುಪಡಿಸಿ, ಪಂಚರ ಸಮಕ್ಷಮದಲ್ಲಿ, ವ್ಯಕ್ತಿ ವ್ಯಕ್ತಿಗಳ ಅಥವಾ ತಂಡ ತಂಡಗಳ ನಡುವೆ ನಡೆಯುವ ಸ್ಪರ್ಧೆಗೆ ಇ-ಸ್ಪೋರ್ಟ್ಸ್ ಎಂದು ಹೆಸರು. ಹೊತ್ತು ಹೋಗಲೆಂದು ಮನೆಯ ಮೂಲೆಯಲ್ಲಿ ಕುಳಿತು ಆಡುವುದು ಇ-ಸ್ಪೋರ್ಟ್ಸ್ ಅಲ್ಲ. ಓಣಿಯಲ್ಲಿ ಚೆಂಡು ಒದೆಯುವ ಹುಡುಗರೆಲ್ಲ ಫುಟ್‌ಬಾಲ್ ಪಟುಗಳಲ್ಲವಷ್ಟೇ? ಹಣವನ್ನು ಪಣಕ್ಕೊಡ್ಡಿ ಆಡುವ ರಮ್ಮಿ ಮೊದಲಾದವಂತೂ ಇ-ಸ್ಪೋರ್ಟ್ಸ್ ಅಲ್ಲವೇ ಅಲ್ಲ. ಸ್ಪರ್ಧೆ, ವಿನೋದ, ಜೂಜು ಈ ಮೂರೂ ಬೇರೆ ಬೇರೆ. ಸುದ್ದಿಯಲ್ಲಿ ಮಾತ್ರ ಮೂರಕ್ಕೂ ‘ಆನ್‌ಲೈನ್ ಗೇಮ್’ ಎಂಬ ಒಂದೇ ತಲೆಬರಹ ಬೀಳುವುದುಂಟು. ಗೊಂದಲದ ಮೂಲ ಇಲ್ಲಿಯೇ ಇದೆ.

ಸುದ್ದಿಯು ಆಟದ ಮಾನವನ್ನು ಏರಿಸಬಲ್ಲದು ಎಂಬುದಕ್ಕೆ ನಮ್ಮದೇ ಆಟವೊಂದರ ಉದಾಹರಣೆಯನ್ನು ತೆಗೆದುಕೊಳ್ಳಿರಿ. ನಮ್ಮ ಈ ಭಾಗದ ಹಿರಿಯರು ಹುತುತು ಎಂದು ಕರೆಯುತ್ತಿದ್ದ ಕಬಡ್ಡಿಯನ್ನು ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು 1936ರಲ್ಲಿ, ಒಲಿಂಪಿಕ್ ಕೂಟದ ಸಮಯದಲ್ಲಿ, ಬರ್ಲಿನ್ ನಗರದಲ್ಲಿ ಆಡಿ ತೋರಿಸಿದರು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಆಟವಾಯಿತು. ಭಾರತ ಸ್ವರ್ಣಪದಕವನ್ನು ಗೆದ್ದಿತು. ಇಷ್ಟಾದರೂ ಪಟ್ಟಣದ ಸುಶಿಕ್ಷಿತರು ಅದನ್ನು ಹಳ್ಳಿಯವರ ಮಣ್ಣಿನ ಆಟವೆಂದೇ ಎಣಿಸುತ್ತಿದ್ದರು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಪ್ರಾರಂಭವಾಗಿ, ಮಣ್ಣಿನ ಅಂಕಣದ ಬದಲು ಬಣ್ಣದ ಹಾಸು, ದೀಪಗಳ ಬೆಳಕು, ರಾತ್ರಿಯ ಊಟದ ಹೊತ್ತಿಗೆ ಸರಿಯಾಗಿ ಟೆಲಿವಿಷನ್ ಪ್ರಸಾರ, ಇವೆಲ್ಲ ಕೂಡಿಬಂದ ಮೇಲೆ ಅದೇ ಆಟವನ್ನು ಮನೆಮಂದಿಯೆಲ್ಲ ಕುಳಿತು ನೋಡಲಾರಂಭಿಸಿದರು. ದಾಳಿ ಅದೇ, ಹಿಡಿತ ಅದೇ, ಉಸಿರೂ ಅದೇ. ಬದಲಾದುದು ಅದನ್ನು ತೋರಿಸಿದ ರೀತಿ.

ಇನ್ನು ಕಂಪ್ಯೂಟರ್ ಆಟಗಳಿಗೆ ಬರೋಣ. ಇವುಗಳ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ತಿಳಿಯಬೇಕಾದರೆ ದಕ್ಷಿಣ ಕೊರಿಯಾದ ಕಡೆಗೆ ನೋಡಬೇಕು. ಹೊಗಳಿಕೆ, ತೆಗಳಿಕೆ, ಮತ್ತೆ ಹೊಗಳಿಕೆ ಎಂಬ ಮೂರು ಘಟ್ಟಗಳನ್ನೂ ಆ ದೇಶ ಎಲ್ಲರಿಗಿಂತ ಮೊದಲು ದಾಟಿದೆ.

1997ರಲ್ಲಿ ಏಷ್ಯಾದ ಹಲವು ದೇಶಗಳನ್ನು ಆರ್ಥಿಕ ಸಂಕಟವು ಆವರಿಸಿತು. ಕೊರಿಯಾದಲ್ಲಿ ಅನೇಕರು ಕೆಲಸ ಕಳೆದುಕೊಂಡರು. ಅದೇ ಕಾಲದಲ್ಲಿ ಆ ಸರ್ಕಾರವು ದೇಶದಾದ್ಯಂತ ವೇಗದ ಇಂಟರ್‌ನೆಟ್ ತಂತಿಗಳನ್ನು ಹರಡಿತು. ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಕಂಪ್ಯೂಟರ್ ಬಳಸುವ ‘ಪಿಸಿ ಬಾಂಗ್’ ಎಂಬ ಕೋಣೆಗಳು ಬೀದಿಬೀದಿಗಳಲ್ಲಿ ತಲೆಯೆತ್ತಿದವು. 1998ರಲ್ಲಿ ಅಮೆರಿಕದ ಬ್ಲಿಝಾರ್ಡ್ ಕಂಪನಿಯ ‘ಸ್ಟಾರ್‌ಕ್ರಾಫ್ಟ್’ ಎಂಬ ಆಟ ಹೊರಬಂದಿತು. ಚದುರಂಗದ ಹಾಗೆ ಯೋಜನೆಯನ್ನೂ, ಬೆರಳುಗಳ ಅಸಾಧಾರಣವಾದ ವೇಗವನ್ನೂ ಬೇಡುವ ಈ ಆಟಕ್ಕೆ ಅಲ್ಲಿಯ ತರುಣರು ಮನಸೋತರು.

ತರುಣರು ಮನಸೋತ ಮಾತ್ರಕ್ಕೆ ಸಮಾಜವು ಒಪ್ಪುತ್ತದೆಯೆ? ಇಲ್ಲ. ಒಪ್ಪಿಗೆ ಬಂದುದು ಟೆಲಿವಿಷನ್ನಿನ ಮೂಲಕ. 1999ರಲ್ಲಿ ಮಕ್ಕಳ ವ್ಯಂಗ್ಯಚಿತ್ರಗಳನ್ನು ತೋರಿಸುತ್ತಿದ್ದ ‘ಟೂನಿವರ್ಸ್’ ಎಂಬ ವಾಹಿನಿಯು ಸ್ಟಾರ್‌ಕ್ರಾಫ್ಟ್ ಪಂದ್ಯಾವಳಿಯೊಂದನ್ನು ಪ್ರಸಾರ ಮಾಡಿತು. ನೋಡುವವರು ಹೆಚ್ಚಿದರು. ಮರುವರ್ಷವೇ, ಎಂದರೆ 2000ದಲ್ಲಿ, ಕೇವಲ ಆಟಗಳಿಗಾಗಿಯೇ ‘ಓನ್‌ಗೇಮ್‌ನೆಟ್’ ಎಂಬ ವಾಹಿನಿ ಹುಟ್ಟಿತು. ಸರ್ಕಾರದ ಮಾನ್ಯತೆಯೊಡನೆ ಕೊರಿಯಾ ಇ-ಸ್ಪೋರ್ಟ್ಸ್ ಸಂಘವೂ ಅದೇ ವರ್ಷ ಸ್ಥಾಪನೆಯಾಯಿತು. ವಾಹಿನಿಯವರು ಆಟಗಾರರಿಗೆ ಸಮವಸ್ತ್ರ ತೊಡಿಸಿದರು. ಫುಟ್‌ಬಾಲಿಗೆ ಇರುವಂತೆ ವೀಕ್ಷಕವಿವರಣೆಕಾರರನ್ನು ನೇಮಿಸಿದರು. ಗೆದ್ದವನ ಹಿಂದಿನ ಕಷ್ಟವನ್ನೂ ಸೋತವನ ಕಣ್ಣೀರನ್ನೂ ತೋರಿಸಿದರು. ಕ್ರೀಡೆಯ ವೇಷಭೂಷಣಗಳೆಲ್ಲ ಬಂದ ಮೇಲೆ ಜನರ ಕಣ್ಣಿಗೆ ಅದು ಕ್ರೀಡೆಯಾಗಿಯೇ ಕಂಡಿತು. ದೊಡ್ಡ ದೊಡ್ಡ ಕಂಪನಿಗಳು ತಂಡಗಳನ್ನು ಕಟ್ಟಿದವು. ಕಡ್ಡಾಯವಾದ ಸೈನ್ಯಸೇವೆಗೆ ಹೋದ ಆಟಗಾರರೂ ಆಡುತ್ತಿರಲೆಂದು 2007ರಲ್ಲಿ ಅಲ್ಲಿಯ ವಾಯುದಳವೇ ಒಂದು ತಂಡವನ್ನು ಕಟ್ಟಿತು.

2004ರ ಜುಲೈ ತಿಂಗಳಲ್ಲಿ ಬುಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ತಂಡಗಳ ಅಂತಿಮ ಪಂದ್ಯ ನಡೆಯಿತು. ಒಂದು ಲಕ್ಷ ಜನ ಸೇರಿದ್ದರೆಂದು ವರದಿಯಾಯಿತು. ಈ ಸಂಖ್ಯೆಯನ್ನು ಇಂದಿಗೂ ಎಲ್ಲರೂ ಹೇಳುತ್ತಾರೆ. ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಅದು ಬಯಲಾದ ಕಡಲತೀರ. ಅಲ್ಲಿ ಬಾಗಿಲಿಲ್ಲ, ಚೀಟಿಯಿಲ್ಲ, ಕುರ್ಚಿಗಳ ಲೆಕ್ಕವೂ ಇಲ್ಲ. ಇಂಥ ಕಡೆ ತಲೆಗಳನ್ನು ಎಣಿಸುವುದು ಹೇಗೆ? ಜನಸ್ತೋಮ ಬಹು ದೊಡ್ಡದಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ‘ಒಂದು ಲಕ್ಷ’ ಎಂಬುದು ಅಂದಾಜಿನ ಮಾತು. ಸುದ್ದಿಯಾಗಿ ಅಚ್ಚಾದೊಡನೆ ಅದು ಎಣಿಸಿದ ಲೆಕ್ಕದಂತೆ ನಡೆಯತೊಡಗಿತು. ಆ ಸಂಖ್ಯೆಯನ್ನು ಕೇಳಿದವನು ‘ಇಷ್ಟು ಜನ ನೋಡುವಾಗ ಇದರಲ್ಲಿ ಏನೋ ಇರಲೇಬೇಕು’ ಎಂದುಕೊಂಡನು. ಮನ್ನಣೆಯು ಮನ್ನಣೆಯನ್ನು ಹೆರುವ ಬಗೆ ಇದು.

ಎರಡನೆಯ ಘಟ್ಟ ಬೇರೆ ಬಗೆಯದು. 2010ರಲ್ಲಿ ಕೆಲವು ಸ್ಟಾರ್‌ಕ್ರಾಫ್ಟ್ ಆಟಗಾರರು ಜೂಜುಕೋರರಿಂದ ಹಣ ಪಡೆದು ಬೇಕೆಂದೇ ಸೋಲುತ್ತಿದ್ದರೆಂಬುದು ಬಯಲಾಯಿತು. ಸಂಘವು 11 ಮಂದಿಯನ್ನು ಆಜೀವ ಬಹಿಷ್ಕರಿಸಿತು. ಮೊನ್ನೆಯವರೆಗೆ ವೀರರಾಗಿದ್ದವರು ಇಂದು ಅಪರಾಧಿಗಳ ಸಾಲಿನಲ್ಲಿ ನಿಂತರು. ಇದು ನಡೆದ ತಪ್ಪು. ಪತ್ರಿಕೆಗಳು ಅದನ್ನು ಬರೆದುದು ನ್ಯಾಯವೇ ಆಗಿತ್ತು.

ಆದರೆ ಮರುವರ್ಷ ನಡೆದ ಇನ್ನೊಂದು ಸಂಗತಿಯನ್ನು ಕೇಳಿರಿ. 2011ರ ಫೆಬ್ರವರಿಯಲ್ಲಿ ಎಂ.ಬಿ.ಸಿ. ಎಂಬ ದೊಡ್ಡ ಪ್ರಸಾರ ಸಂಸ್ಥೆಯ ರಾತ್ರಿಯ ವಾರ್ತೆಯಲ್ಲಿ ಒಂದು ‘ಪ್ರಯೋಗ’ವನ್ನು ತೋರಿಸಿದರು. ಕಂಪ್ಯೂಟರ್ ಆಟಗಳು ತರುಣರಲ್ಲಿ ಕ್ರೌರ್ಯವನ್ನು ಬೆಳೆಸುತ್ತವೆಯೆ ಎಂಬುದು ಪ್ರಶ್ನೆ. ವರದಿಗಾರನು ಪಿಸಿ ಬಾಂಗ್ ಒಂದಕ್ಕೆ ಹೋಗಿ, ಹುಡುಗರು ಆಟದಲ್ಲಿ ಮಗ್ನರಾಗಿದ್ದಾಗ, ಇದ್ದಕ್ಕಿದ್ದಂತೆ ವಿದ್ಯುತ್ತನ್ನು ನಿಲ್ಲಿಸಿಬಿಟ್ಟನು. ಹುಡುಗರು ಕೂಗಾಡಿದರು, ಬಯ್ದರು. ‘ನೋಡಿರಿ, ಆಟದಿಂದ ಇವರು ಹೇಗೆ ಉಗ್ರರಾಗಿದ್ದಾರೆ!’ ಎಂಬುದು ವರದಿಯ ತಾತ್ಪರ್ಯ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಬರೆಯುತ್ತಿರುವವನ ಕೈಯಿಂದ ಅದನ್ನು ಕಿತ್ತುಕೊಂಡರೆ ಅವನು ಸುಮ್ಮನಿರುತ್ತಾನೆಯೆ? ಅರ್ಧ ಬೇಯಿಸಿದ ಅಡಿಗೆಯ ಒಲೆಯನ್ನು ಯಾರಾದರೂ ಆರಿಸಿದರೆ ನಮ್ಮ ತಾಯಂದಿರು ನಗುತ್ತಾರೆಯೆ? ಸಿಟ್ಟಿಗೆ ಕಾರಣ ಆಟವೋ, ಆಟವನ್ನು ನಿಲ್ಲಿಸಿದುದೋ ಎಂಬುದನ್ನು ಬೇರ್ಪಡಿಸದ ಈ ವರದಿಯನ್ನು ಆ ದೇಶದವರೇ ಬಹಳವಾಗಿ ಟೀಕಿಸಿದರು, ಹಾಸ್ಯ ಮಾಡಿದರು. ಇದರಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ಅದೇ ಸಂಸ್ಥೆಯ ಬಳಗಕ್ಕೆ ಸೇರಿದ ಮತ್ತೊಂದು ವಾಹಿನಿಯು ಆ ಕಾಲದಲ್ಲಿ ಇದೇ ಬಗೆಯ ಆಟಗಳ ಪಂದ್ಯಗಳನ್ನು ಪ್ರಸಾರ ಮಾಡುತ್ತಿದ್ದಿತು! ಒಂದು ಬಾಗಿಲಿನಲ್ಲಿ ಆಟಗಾರನಿಗೆ ಹಾರ. ಇನ್ನೊಂದು ಬಾಗಿಲಿನಲ್ಲಿ ಅವನ ಮೇಲೆ ದೋಷಾರೋಪ. 2012ರ ಪ್ರಾರಂಭದಲ್ಲಿ ಆ ಆಟದ ವಾಹಿನಿಯನ್ನು ಮುಚ್ಚಿ ಸಂಗೀತದ ವಾಹಿನಿಯನ್ನಾಗಿ ಪರಿವರ್ತಿಸಿದರು.

2011ರ ನವೆಂಬರಿನಲ್ಲಿ 16 ವರ್ಷದೊಳಗಿನ ಮಕ್ಕಳು ನಡುರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ಆನ್‌ಲೈನ್ ಆಟ ಆಡಬಾರದೆಂಬ ಕಾಯಿದೆ ಕೊರಿಯಾದಲ್ಲಿ ಜಾರಿಗೆ ಬಂದಿತು. ಆ ಒಂದು ವರದಿಯಿಂದಲೇ ಕಾಯಿದೆ ಬಂದಿತೆಂದು ಹೇಳಲಾಗದು. ಅದರ ಚರ್ಚೆ ಬಹಳ ಮೊದಲಿನಿಂದಲೂ ನಡೆದಿತ್ತು. ಮಕ್ಕಳ ನಿದ್ರೆಯ ಬಗೆಗೆ ಪಾಲಕರಿಗಿದ್ದ ಕಳವಳವೂ ನಿಜವಾದುದೇ. 2021ರಲ್ಲಿ ಆ ದೇಶವೇ ಈ ಕಾಯಿದೆಯನ್ನು ರದ್ದುಗೊಳಿಸಲು ನಿಶ್ಚಯಿಸಿತು. 2022ರ ಆರಂಭದಿಂದ ಅದು ಇಲ್ಲವಾಯಿತು.

ಮೂರನೆಯ ಘಟ್ಟ ಏಷ್ಯನ್ ಕ್ರೀಡಾಕೂಟದ್ದು. 2018ರಲ್ಲಿ ಜಕಾರ್ತಾ-ಪಾಲೆಂಬಾಂಗ್ ಕೂಟದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನಕ್ರೀಡೆಯಾಗಿ ನಡೆಯಿತು. 2023ರಲ್ಲಿ ಚೀನದ ಹಾಂಗ್‌ಝೌ ಕೂಟದಲ್ಲಿ ಅದು ಪದಕದ ಕ್ರೀಡೆಯಾಯಿತು. ‘ಫೇಕರ್’ ಎಂಬ ಹೆಸರಿನಿಂದ ಪ್ರಸಿದ್ಧನಾದ ಲೀ ಸಾಂಗ್-ಹ್ಯೋಕ್ ಇದ್ದ ಕೊರಿಯಾ ತಂಡವು ‘ಲೀಗ್ ಆಫ್ ಲೆಜೆಂಡ್ಸ್’ ಆಟದಲ್ಲಿ ಸ್ವರ್ಣ ಗೆದ್ದಿತು. ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದವರಿಗೆ ಆ ದೇಶದಲ್ಲಿ ಸೈನ್ಯಸೇವೆಯಿಂದ ದೊರೆಯುವ ವಿನಾಯಿತಿಯು ಈ ತರುಣರಿಗೂ ದೊರೆಯಿತು. ಒಂದು ಕಾಲಕ್ಕೆ ಇದೇ ಬಗೆಯ ಆಟವಾಡುವ ಹುಡುಗರ ವಿದ್ಯುತ್ತನ್ನು ಕಿತ್ತು ನೋಡಿದ ದೇಶದ ರಾಷ್ಟ್ರಗೀತೆಯನ್ನು ಇದೇ ಆಟಕ್ಕಾಗಿ ನುಡಿಸಲಾಯಿತು. ಆಟಕ್ಕಿಂತ ಆಟವನ್ನು ಕಾಣುವ ಕಿಟಕಿಯೇ ಹೆಚ್ಚು ಬದಲಾಗಿತ್ತು.

ಅಮೆರಿಕದಲ್ಲಿಯೂ ಇದಕ್ಕೆ ಸಮಾನವಾದ ಪ್ರಸಂಗವುಂಟು. ಈ.ಎಸ್.ಪಿ.ಎನ್. ಎಂಬ ಪ್ರಸಿದ್ಧ ಕ್ರೀಡಾವಾಹಿನಿಯ ಅಧ್ಯಕ್ಷರು 2014ರಲ್ಲಿ ಇದು ಕ್ರೀಡೆಯಲ್ಲ, ಬರಿಯ ಸ್ಪರ್ಧೆ ಎಂಬರ್ಥದ ಮಾತನ್ನಾಡಿದರು. 2016ರಲ್ಲಿ ಅದೇ ಸಂಸ್ಥೆ ಇ-ಸ್ಪೋರ್ಟ್ಸ್ ಸುದ್ದಿಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆಯಿತು. 2020ರ ನವೆಂಬರಿನಲ್ಲಿ ಆ ವಿಭಾಗವನ್ನು ಮುಚ್ಚಿತು. ವಿಭಾಗ ಮುಚ್ಚಿದ ಮೇಲೆಯೂ ಆಟಗಳು ನಡೆದೇ ಇವೆ. ಸುದ್ದಿಸಂಸ್ಥೆಯ ಒಪ್ಪಿಗೆಯಲ್ಲಿ ವ್ಯಾಪಾರದ ಲೆಕ್ಕವೂ ಸೇರಿರುತ್ತದೆ ಎಂಬುದನ್ನು ಇದರಿಂದ ತಿಳಿಯಬೇಕು.

ಈಗ ನಮ್ಮ ದೇಶದ ಮಾತು. 2019ರ ಮಾರ್ಚ್ ತಿಂಗಳಲ್ಲಿ ಗುಜರಾತಿನ ರಾಜಕೋಟೆಯಲ್ಲಿ ‘ಪಬ್‌ಜಿ’ ಆಟವನ್ನು ನಿಷೇಧಿಸಿ, ಅದನ್ನು ಆಡುತ್ತಿದ್ದ ಕೆಲವು ತರುಣರನ್ನು ಪೋಲೀಸರು ಬಂಧಿಸಿದರು. ಈ ಸುದ್ದಿ ದೇಶವನ್ನೆಲ್ಲ ಸುತ್ತಿತು. ಅದಕ್ಕೆ ಕೆಲವು ತಿಂಗಳು ಮೊದಲು, 2018ರ ಜಕಾರ್ತಾ ಕೂಟದಲ್ಲಿ, ಅದೇ ಗುಜರಾತಿನ ತೀರ್ಥ ಮೆಹತಾ ಎಂಬ ತರುಣನು ‘ಹಾರ್ತ್‌ಸ್ಟೋನ್’ ಎಂಬ ಆಟದಲ್ಲಿ ಭಾರತಕ್ಕೆ ಕಂಚಿನ ಸ್ಥಾನವನ್ನು ಗಳಿಸಿದ್ದನು. ಪ್ರದರ್ಶನಕ್ರೀಡೆಯಾದ ಕಾರಣ ಅದು ಪದಕಪಟ್ಟಿಯಲ್ಲಿ ಸೇರಲಿಲ್ಲ. ಈ ಸಭೆಯಲ್ಲಿ ಮೊದಲನೆಯ ಸುದ್ದಿಯನ್ನು ಕೇಳಿದವರು ಎಷ್ಟು ಮಂದಿ, ಎರಡನೆಯದನ್ನು ಕೇಳಿದವರು ಎಷ್ಟು ಮಂದಿ ಎಂಬುದನ್ನು ನಿಮ್ಮ ನಿಮ್ಮಲ್ಲಿಯೇ ಎಣಿಸಿಕೊಳ್ಳಿರಿ.

2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಇ-ಸ್ಪೋರ್ಟ್ಸನ್ನು ಬಹುಕ್ರೀಡಾಕೂಟಗಳ ಅಂಗವಾಗಿ ಯುವಜನ ಮತ್ತು ಕ್ರೀಡಾ ಸಚಿವಾಲಯದ ಕಕ್ಷೆಗೆ ತಂದಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿತು. ನಾನು ಪ್ರಾರಂಭದಲ್ಲಿ ಹೇಳಿದ ಸ್ಪರ್ಧೆ, ವಿನೋದ, ಜೂಜು ಎಂಬ ಭೇದವನ್ನು ಆ ಕಾಯಿದೆ ಗುರುತಿಸಿದೆ: ಇ-ಸ್ಪೋರ್ಟ್ಸಿಗೆ ಮಾನ್ಯತೆ, ಹಣವಿಟ್ಟು ಆಡುವ ಆಟಗಳಿಗೂ ಅವುಗಳ ಜಾಹೀರಾತಿಗೂ ನಿಷೇಧ. ಅದಕ್ಕೆ ಮುನ್ನ ಪರಿಸ್ಥಿತಿ ಹೇಗಿತ್ತು? ಒಂದು ಪುಟದಲ್ಲಿ ಆಟದ ಚಟದಿಂದ ಕೆಟ್ಟ ಸಂಸಾರದ ಕಥೆ, ಇನ್ನೊಂದು ಪುಟದಲ್ಲಿ ಹಣದ ಆಟದ ದೊಡ್ಡ ಜಾಹೀರಾತು. ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೆಯೇ 2023ರಿಂದ ಡ್ರೀಮ್11 ಎಂಬ ಕಂಪನಿಯ ಹೆಸರಿತ್ತು. ಕಾಯಿದೆ ಬಂದೊಡನೆ ಆ ಒಪ್ಪಂದ ಮುಗಿಯಿತು. ಮೆಚ್ಚಿದ ಆಟಗಾರನ ಎದೆಯ ಮೇಲೆ ಕಂಡ ಹೆಸರನ್ನು ಮಕ್ಕಳು ಸಂಶಯಿಸುವುದು ಕಷ್ಟ. ಜಾಹೀರಾತೂ ಒಂದು ಬಗೆಯ ಸುದ್ದಿಯೇ. ಅದೂ ಒಪ್ಪಿಗೆಯನ್ನು ಹುಟ್ಟಿಸುತ್ತದೆ.

ವಿದ್ಯಾರ್ಥಿಮಿತ್ರರೇ, ಈಗ ನಿಮಗೆ ಎರಡು ಮಾತು. ಫೇಕರನ ಚಿತ್ರವನ್ನು ನೀವು ನೋಡಿರುತ್ತೀರಿ. 2013ರಿಂದ 2025ರವರೆಗೆ ಅವನು ಆರು ಸಲ ವಿಶ್ವವಿಜೇತ ತಂಡದಲ್ಲಿದ್ದನು. ಅವನು ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವನೆಂಬುದನ್ನೂ ಓದಿರುತ್ತೀರಿ. ಅದು ನಿಜ. ಆದರೆ ಅವನಂತೆಯೇ ಶಾಲೆ ಬಿಟ್ಟು, ಅವನಂತೆಯೇ ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸ ಮಾಡಿ, ತಂಡದಲ್ಲಿ ಸ್ಥಳ ದೊರೆಯದೆ ಹಿಂದಿರುಗಿದವರ ಚಿತ್ರ ಯಾವ ಪತ್ರಿಕೆಯಲ್ಲಿ ಬಂದಿದೆ? ಸೋತವನನ್ನು ಸುದ್ದಿಗಾರನು ಹುಡುಕಿಕೊಂಡು ಹೋಗುವುದಿಲ್ಲ. ಇನ್ನೊಂದು ವಿಷಯ. ಹುತುತು ಆಟಕ್ಕೆ ಒಡೆಯನಿಲ್ಲ. ನೆಲವಿದ್ದರೆ ಸಾಕು, ಗೆರೆ ಎಳೆದು ಆಡಬಹುದು. ಈ ಆಟಗಳಿಗೆಲ್ಲ ಕಂಪನಿಯೊಂದು ಒಡೆಯ. ಪಬ್‌ಜಿ ಆಟವನ್ನು 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಷೇಧಿಸಿತು, 2021ರಲ್ಲಿ ಅದು ‘ಬಿಜಿಎಂಐ’ ಎಂಬ ಹೆಸರಿನಿಂದ ಬಂದಿತು, 2022ರ ಜುಲೈಯಲ್ಲಿ ಮತ್ತೆ ಮರೆಯಾಯಿತು, 2023ರಲ್ಲಿ ಮರಳಿತು. ಅದನ್ನೇ ನಂಬಿದ ಆಟಗಾರನ ಅಂಗಳವನ್ನು ಎರಡು ಸಲ ಯಾರೋ ಮಡಚಿಕೊಂಡು ಹೋದಂತಾಯಿತು. ಆಡುವವರು ಆಡಿರಿ. ಆದರೆ ಓದೆಂಬ ನೆಲವನ್ನು ಕಾಲ ಕೆಳಗೆ ಇಟ್ಟುಕೊಂಡು ಆಡಿರಿ.

ಪಾಲಕ ಬಂಧುಗಳೇ, ನಿಮ್ಮಲ್ಲಿ ನನ್ನ ಬಿನ್ನಹ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು ಆಟದ ಗೀಳನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿದೆಯೆಂಬ ಸುದ್ದಿಯನ್ನು ನೀವು ಓದಿರಬಹುದು. 2019ರಲ್ಲಿ ಅಂಗೀಕಾರವಾಗಿ 2022ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಅದು ಇರುವುದು ನಿಜ. ಆದರೆ ಅಲ್ಲಿಯ ಲಕ್ಷಣಗಳನ್ನು ಪೂರ್ತಿಯಾಗಿ ಓದಬೇಕು. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ನಿದ್ರೆ, ಓದು, ಸ್ನೇಹ ಎಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿಯಾಗುತ್ತಿದ್ದರೂ ನಿಲ್ಲದಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳ ಕಾಲ ಮುಂದುವರಿದಿರಬೇಕು. ರಜೆಯಲ್ಲಿ ಎರಡು ಗಂಟೆ ಆಡಿದ ಮಗು ರೋಗಿಯಲ್ಲ. ತಲೆಬರಹವನ್ನು ಮಾತ್ರ ಓದಿ ಮಗುವಿಗೆ ರೋಗಿಯೆಂದು ಹೆಸರಿಟ್ಟರೆ, ಅದು ತನ್ನ ಆಟವನ್ನು ಬಚ್ಚಿಡಲು ಕಲಿಯುತ್ತದೆ; ಮುಂದೆ ನಿಜವಾದ ತೊಂದರೆ ಬಂದಾಗಲೂ ನಿಮ್ಮೆದುರು ಬಾಯಿ ಬಿಡುವುದಿಲ್ಲ. ಹಾಗೆಂದು ಪದಕದ ಸುದ್ದಿಯನ್ನು ಓದಿ ‘ಇದೂ ಒಂದು ವಿದ್ಯೆ’ ಎಂದು ಕಣ್ಣು ಮುಚ್ಚಿ ಬಿಟ್ಟುಬಿಡುವುದೂ ಸರಿಯಲ್ಲ. ರಾತ್ರಿಯ ನಿದ್ರೆ ಸರಿಯಾಗಿದೆಯೆ, ಶಾಲೆಯ ಪಾಠ ಸಾಗಿದೆಯೆ, ಹಣದ ವ್ಯವಹಾರ ಒಳಗೆ ಬಂದಿದೆಯೆ, ಈ ಮೂರನ್ನು ನೀವೇ ನೋಡಿರಿ. ಇದಕ್ಕೆ ಉತ್ತರ ಪತ್ರಿಕೆಯಲ್ಲಿಲ್ಲ, ನಿಮ್ಮ ಮನೆಯಲ್ಲಿದೆ.

ಸುದ್ದಿಯನ್ನು ಓದುವಾಗ ಕೇಳಿಕೊಳ್ಳತಕ್ಕ ಪ್ರಶ್ನೆಗಳು ನಾಲ್ಕೇ. ಇದು ಸ್ಪರ್ಧೆಯ ಸುದ್ದಿಯೋ, ವಿನೋದದ್ದೋ, ಜೂಜಿನದೋ? ಇದರಲ್ಲಿರುವ ಸಂಖ್ಯೆಯನ್ನು ಎಣಿಸಿದವರು ಯಾರು? ಇದರಲ್ಲಿ ಕಾಣದೆ ಉಳಿದವರು ಯಾರು? ಇದನ್ನು ನಾನು ನಂಬಿದರೆ ಹಣ ಯಾರಿಗೆ ಹೋಗುತ್ತದೆ?

ಗಡಿಯ ಈಚೆ ಕನ್ನಡ ಶಾಲೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಈ ಕೆಲಸದಲ್ಲಿ ಒಂದು ಅನುಕೂಲವುಂಟು. ಮನೆಯಲ್ಲಿ ಕನ್ನಡ ಪತ್ರಿಕೆ, ಅಂಗಡಿಯ ಕಟ್ಟೆಯ ಮೇಲೆ ಮರಾಠಿ ಪತ್ರಿಕೆ, ಟೆಲಿವಿಷನ್ನಿನಲ್ಲಿ ಹಿಂದೀ ವಾರ್ತೆ. ಮೂರನ್ನೂ ಇವರು ತಿಳಿಯಬಲ್ಲರು. ಒಂದೇ ಸಂಗತಿಯನ್ನು ಎರಡು ಭಾಷೆಗಳಲ್ಲಿ ಓದಿ ನೋಡಿರಿ. ಒಂದರಲ್ಲಿ ‘ಕ್ರೀಡಾಪಟು’ ಆದವನು ಇನ್ನೊಂದರಲ್ಲಿ ‘ಚಟಗಾರ’ ಆಗಿರಬಹುದು. ಆಗ ಸತ್ಯವು ಯಾವ ಶಬ್ದದಲ್ಲಿದೆ ಎಂದು ಹುಡುಕುವ ಬುದ್ಧಿ ತಾನಾಗಿಯೇ ಹುಟ್ಟುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವುದು ಹೊರೆಯೆಂದು ಕೆಲವರು ಹೇಳುತ್ತಾರೆ. ನನಗೆ ಅದು ಎರಡು ಕಣ್ಣುಗಳಿದ್ದಂತೆ ತೋರುತ್ತದೆ. ಈ ಶಾಲೆಯ ಮಕ್ಕಳು ಆ ಎರಡು ಕಣ್ಣುಗಳನ್ನೂ ತೆರೆದು ನೋಡುವವರಾಗಲಿ ಎಂದು ಹಾರೈಸುತ್ತೇನೆ.